ಅಪ್ಪನಿಗೆ ವಾಚು, ತಮ್ಮನಿಗೆ ಇಯರ್‌ಬಡ್ಸ್, ನನಗೆ ತಲೆನೋವು. ಏನು ನೋಡಿ ಕೊಳ್ಳಬೇಕು?

ಅರೆನಿದ್ದೆ:

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಮಲಗುವ ಹೊತ್ತಿಗೆ ಇದೇ ಕೆಲಸ ಆಗಿದೆ. ಒಂದು ವಸ್ತು ನೋಡುವುದು, ಅದರ ಕೆಳಗೆ ಇನ್ನೊಂದು ಕಾಣಿಸುವುದು, ಅದು ಇದಕ್ಕಿಂತ ಚೆನ್ನಾಗಿದೆ ಅನಿಸುವುದು, ಕೊನೆಗೆ ಏನೂ ತೆಗೆದುಕೊಳ್ಳದೆ ಫೋನ್ ಪಕ್ಕಕ್ಕಿಟ್ಟು ಮಲಗುವುದು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಒಟ್ಟು ನಾಲ್ಕು ವಸ್ತು ಬೇಕು.

ಮೊದಲನೆಯದು ಅಪ್ಪನಿಗೆ. ಅವರಿಗೆ ಅರವತ್ತು ತುಂಬಲು ಇನ್ನು ಐದು ವಾರ ಇದೆ. ಸಕ್ಕರೆ ಕಾಯಿಲೆ ಇದೆ, ದಿನಾ ಬೆಳಿಗ್ಗೆ ಬೆರಳು ಚುಚ್ಚಿಕೊಂಡು ಮುಖ ಹಿಂಡುವುದನ್ನು ನೋಡಿದರೆ ನನಗೇ ಸಂಕಟ ಆಗುತ್ತದೆ. ಮೊನ್ನೆ ಒಂದು ಸ್ಮಾರ್ಟ್‌ವಾಚ್ ಕಣ್ಣಿಗೆ ಬಿತ್ತು. ಚುಚ್ಚದೇ ಸಕ್ಕರೆ ಅಳೆಯುತ್ತದಂತೆ. ಜೊತೆಗೆ ಬಿಪಿ, ಆಮ್ಲಜನಕ, ನಿದ್ದೆ, ಒತ್ತಡ, ಏನೇನೋ. ನಾಲ್ಕೂವರೆ ಸ್ಟಾರ್, ಸಾವಿರಾರು ರಿವ್ಯೂ. ಕಾರ್ಟ್‌ಗೆ ಹಾಕಿಟ್ಟಿದ್ದೇನೆ, ಇನ್ನೂ ದುಡ್ಡು ಕಟ್ಟಿಲ್ಲ. ಪೇಜಿನ ಮೇಲೆ ಒಂದು ಗಡಿಯಾರ ಓಡುತ್ತಿದೆ, ಆಫರ್ ಮುಗಿಯಲು 3 ಗಂಟೆ 12 ನಿಮಿಷ ಅಂತ. ನಿನ್ನೆ ನೋಡಿದಾಗಲೂ ಹೆಚ್ಚುಕಡಿಮೆ ಅಷ್ಟೇ ಇತ್ತು, ಅದೊಂದು ಅನುಮಾನ.

ಎರಡನೆಯದು ತಮ್ಮನಿಗೆ ಇಯರ್‌ಬಡ್ಸ್. ಬಸ್ಸಲ್ಲಿ ಓಡಾಡುತ್ತಾನೆ, ಗಲಾಟೆ ಕೇಳಿಸಬಾರದು ಅಂದ. ಕೆಲವದರಲ್ಲಿ ಎಎನ್‌ಸಿ ಅಂತ ಇದೆ, ಕೆಲವದರಲ್ಲಿ ಇಎನ್‌ಸಿ ಅಂತ ಇದೆ, ಎರಡನೆಯದು ತುಂಬ ಅಗ್ಗ. ಎರಡೂ ಒಂದೇನಾ?

ಮೂರನೆಯದು, ಮನೆಯ ಹಳೇ ಫೋಟೋ ವಿಡಿಯೋ ಎಲ್ಲ ಒಂದು ಡ್ರೈವ್‌ಗೆ ಹಾಕಿ ಅಕ್ಕನಿಗೆ ಕೊಡಬೇಕು. 16 ಟಿಬಿ ಪೋರ್ಟಬಲ್ ಎಸ್‌ಎಸ್‌ಡಿ ಒಂದು ಸಿಕ್ಕಿದೆ. ಹೆಸರಿರುವ ಕಂಪನಿಗಳ 1 ಟಿಬಿಗಿಂತಲೂ ಕಡಿಮೆ ಬೆಲೆ.

ನಾಲ್ಕನೆಯದು ನನ್ನದೇ ಫೋನು. ನಾಲ್ಕು ವರ್ಷ ಆಯ್ತು. ಚೆನ್ನಾಗೇ ಇದೆ, ಆದರೆ ಮಧ್ಯಾಹ್ನಕ್ಕೇ ಚಾರ್ಜ್ ಮುಗಿಯುತ್ತದೆ. ಎಲ್ಲರೂ ಹೊಸದು ತಗೋ ಅಂತಾರೆ.

ಗೊತ್ತಿರುವವರು ಹೇಳಿ. "ನಿಮ್ಮ ಬಜೆಟ್ ಎಷ್ಟು" ಅಂತ ಮಾತ್ರ ಕೇಳಬೇಡಿ, ಹೇಗೆ ನೋಡಬೇಕು ಅನ್ನುವುದೇ ನನಗೆ ಗೊತ್ತಿಲ್ಲ.


ಸ್ಕ್ರೂಡ್ರೈವರ್:

ಹನ್ನೊಂದು ವರ್ಷದಿಂದ ಮೊಬೈಲು, ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಿದ್ದೇನೆ. ಮೇಡಂ, ಮೊದಲು ಆ ವಾಚನ್ನು ಕಾರ್ಟ್‌ನಿಂದ ತೆಗೆಯಿರಿ. ಆಮೇಲೆ ಮುಂದೆ ಓದಿ.

2024ರ ಫೆಬ್ರವರಿಯಲ್ಲಿ ಅಮೆರಿಕದ ಎಫ್‌ಡಿಎ, ಅಂದರೆ ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ, ಸಾರ್ವಜನಿಕವಾಗಿ ಎಚ್ಚರಿಕೆ ಕೊಟ್ಟಿತ್ತು. ಚರ್ಮ ಚುಚ್ಚದೆ ತಾನೇ ಸಕ್ಕರೆ ಅಳೆಯುತ್ತದೆ ಎನ್ನುವ ಒಂದು ವಾಚಿಗೂ, ಒಂದು ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ, ಅಂಥದ್ದನ್ನು ಬಳಸಬೇಡಿ ಅಂತ. ಕಾರಣ ಸರಳ. ತಪ್ಪು ಅಂಕಿ ನೋಡಿ ಇನ್ಸುಲಿನ್ನೋ ಮಾತ್ರೆಯೋ ಜಾಸ್ತಿ ತೆಗೆದುಕೊಂಡರೆ ಸಕ್ಕರೆ ಧಡಕ್ಕನೆ ಇಳಿದು ಪ್ರಾಣಕ್ಕೇ ಬರುತ್ತದೆ. ತೋಳಿಗೆ ಅಂಟಿಸುವ ಸಿಜಿಎಂ (ದಿನವಿಡೀ ಸಕ್ಕರೆ ಅಳೆಯುವ ಸಾಧನ) ಅಂತ ಒಂದು ಇದೆ, ಅದು ಬೇರೆ. ಅದರಲ್ಲಿ ಕೂದಲಿನಂಥ ಒಂದು ಎಳೆ ಚರ್ಮದ ಕೆಳಗೆ ಹೋಗಿರುತ್ತದೆ, ಅಳೆಯುವುದು ಆ ಎಳೆ, ವಾಚು ಬರೀ ಅಂಕಿ ತೋರಿಸುವ ಪರದೆ ಅಷ್ಟೇ. ಮಾರುವವರು ಈ ಎರಡನ್ನೂ ಬೇಕಂತಲೇ ಕಲಸಿ ಬರೆಯುತ್ತಾರೆ.

ಈ ಥರದ ವಾಚು ಒಂದು ನನ್ನ ಟೇಬಲ್ಲಿಗೆ ಬಂದಿತ್ತು, ಚಾರ್ಜ್ ಆಗುತ್ತಿಲ್ಲ ಅಂತ. ಬಿಚ್ಚಿದರೆ ಹಿಂದಗಡೆ ಎರಡು ಹಸಿರು ಎಲ್‌ಇಡಿ, ಒಂದು ಬೆಳಕು ಹಿಡಿಯುವ ಸೆನ್ಸರ್, ಮುಗೀತು. ಎದೆ ಬಡಿದಾಗ ಮಣಿಕಟ್ಟಿನ ರಕ್ತ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ, ಅದಕ್ಕೆ ತಕ್ಕಂತೆ ಹಸಿರು ಬೆಳಕು ವಾಪಸ್ ಬರುವುದು ಬದಲಾಗುತ್ತದೆ, ಅದರಿಂದ ನಾಡಿ ಲೆಕ್ಕ ಹಾಕಬಹುದು. ಸಕ್ಕರೆ ಅಳೆಯಲು ಅಲ್ಲಿ ಏನೂ ಇಲ್ಲ. ರಿಪೇರಿ ಮಾಡಿ ಸುಮ್ನೆ ಕುತೂಹಲಕ್ಕೆ ಸುತ್ತಿಟ್ಟ ಟವೆಲಿಗೆ ಕಟ್ಟಿದೆ. ಟವೆಲ್ಲಿನ ನಾಡಿ 74, ಬಿಪಿ 118/76, ಸಕ್ಕರೆ ನಾರ್ಮಲ್! ಬಹಳ ಆರೋಗ್ಯವಂತ ಟವೆಲು. ಗಿರಾಕಿಗೂ ತೋರಿಸಿದೆ, ಪಾಪ, ಅವರು ನಗಲಿಲ್ಲ.

ಬಿಪಿ ವಿಷಯವೂ ಹೀಗೇ. ಸ್ಯಾಮ್‌ಸಂಗ್‌ನ ಕೆಲವು ವಾಚುಗಳಲ್ಲಿ ಬಿಪಿ ನೋಡಬಹುದು, ಆದರೆ ನಾಲ್ಕು ವಾರಕ್ಕೊಮ್ಮೆ ತೋಳಿಗೆ ಕಟ್ಟುವ ಮಾಮೂಲಿ ಮಿಷಿನ್ ಜೊತೆ ಹೋಲಿಸಿ ಸರಿಹೊಂದಿಸಬೇಕು. ಅಂದರೆ ಆ ಮಿಷಿನ್ ಮನೆಯಲ್ಲಿ ಇರಲೇಬೇಕು. ಇದ್ಯಾವುದೂ ಬೇಡ, ಪೆಟ್ಟಿಗೆಯಿಂದ ತೆಗೆದು ಕಟ್ಟಿಕೊಂಡರೆ ಸಾಕು ಅನ್ನುವ ವಾಚನ್ನು ನಂಬಬೇಡಿ.

ಈಗ ಆ 16 ಟಿಬಿ ಡ್ರೈವ್. ಅಕ್ಕನಿಗೆ ಫೋಟೋ ಕೊಡಬೇಕು ಅಂದಿದ್ದೀರಿ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಇಂಥವು ಕನಿಷ್ಠ ಏಳೆಂಟು ಬಿಚ್ಚಿದ್ದೇನೆ. ಚೆಂದದ ಲೋಹದ ಕವಚ, ಒಳಗೆ ಒಂದು ಚಿಕ್ಕ ಬೋರ್ಡು, ಅದಕ್ಕೆ ಅಂಟು ಹಾಕಿ ಕೂರಿಸಿದ ಮೈಕ್ರೋಎಸ್‌ಡಿ ಕಾರ್ಡು. 64 ಜಿಬಿ ಇರಬಹುದು, 128 ಇರಬಹುದು. ಕೈಗೆ ತೂಕ ಸಿಗಲಿ ಅಂತ ಒಂದರಲ್ಲಿ ಕಬ್ಬಿಣದ ತುಂಡು ಇಟ್ಟಿದ್ದರು. ಕಂಪ್ಯೂಟರ್ ಕೇಳಿದಾಗ ನಾನು 16 ಟಿಬಿ ಅಂತ ಸುಳ್ಳು ಹೇಳುವ ಹಾಗೆ ಒಳಗಿನ ಫರ್ಮ್‌ವೇರನ್ನು, ಅಂದರೆ ಡ್ರೈವ್ ನಡೆಸುವ ಪುಟ್ಟ ಪ್ರೋಗ್ರಾಮನ್ನು, ತಿದ್ದಿರುತ್ತಾರೆ. ಮೋಸ ತಕ್ಷಣ ಗೊತ್ತಾಗುವುದಿಲ್ಲ, ಅದೇ ತೊಂದರೆ. ಮೊದಲ 60 ಜಿಬಿ ಸರಿಯಾಗೇ ಹೋಗುತ್ತದೆ. ಆಮೇಲೆ ಹಾಕಿದ್ದು ಹಳೆಯದರ ಮೇಲೆ ಕೂರುತ್ತದೆ, ಇಲ್ಲವೇ ಎಲ್ಲೂ ಹೋಗದೆ ಮಾಯ ಆಗುತ್ತದೆ. ಪಟ್ಟಿಯಲ್ಲಿ ಫೈಲಿನ ಹೆಸರು ಇರುತ್ತದೆ, ಸೈಜೂ ಇರುತ್ತದೆ, ತೆರೆದರೆ ಏನೂ ಇಲ್ಲ. ಒಬ್ಬರು ಮಗಳ ಮದುವೆ ವಿಡಿಯೋ ಹಾಕಿಟ್ಟು, ಕ್ಯಾಮೆರಾ ಕಾರ್ಡು ಅಳಿಸಿ, ಒಂದು ವರ್ಷ ಬಿಟ್ಟು ತಂದಿದ್ದರು. ನನ್ನ ಕೈಲಿ ಏನೂ ಆಗಲಿಲ್ಲ.

ಯಾವ ಡ್ರೈವ್ ಕೊಂಡರೂ ತಂದ ದಿನವೇ ಪರೀಕ್ಷೆ ಮಾಡಿ. ವಿಂಡೋಸ್‌ಗೆ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್ ಮತ್ತು ಮ್ಯಾಕ್‌ಗೆ ಎಫ್3 ಅಂತ ಇವೆ, ಎರಡೂ ಉಚಿತ. ಡ್ರೈವ್ ಪೂರ್ತಿ ತುಂಬಿಸಿ, ಬರೆದದ್ದನ್ನೇ ವಾಪಸ್ ಓದಿ ತಾಳೆ ನೋಡುತ್ತವೆ. ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಾಕಿ ಮಲಗಿ. ಒಂದು ಮಾತು, 1 ಟಿಬಿ ಡ್ರೈವ್ ವಿಂಡೋಸ್‌ನಲ್ಲಿ 931 ಜಿಬಿ ತೋರಿಸಿದರೆ ಗಾಬರಿ ಆಗಬೇಡಿ. ಕಂಪನಿ ಸಾವಿರದ ಲೆಕ್ಕ ಹಾಕುತ್ತದೆ, ವಿಂಡೋಸ್ 1024ರ ಲೆಕ್ಕ ಹಾಕುತ್ತದೆ. ಅದು ಮೋಸ ಅಲ್ಲ. ಮತ್ತೆ, ಅಕ್ಕನಿಗೆ ಕೊಟ್ಟ ಮೇಲೂ ನಿಮ್ಮ ಹತ್ತಿರ ಇನ್ನೊಂದು ಪ್ರತಿ ಇರಲಿ.

ನಿಮ್ಮ ಫೋನು: ಬ್ಯಾಟರಿ ಬದಲಾಯಿಸಿ. ಲಿಥಿಯಂ ಬ್ಯಾಟರಿ ಸವೆಯುವ ವಸ್ತು, ಚಪ್ಪಲಿ ಸವೆದ ಹಾಗೆ. ಆ್ಯಪಲ್ ತಾನೇ ಹೇಳುವ ಪ್ರಕಾರ ಐಫೋನ್ 14ರವರೆಗಿನ ಬ್ಯಾಟರಿ 500 ಪೂರ್ತಿ ಚಾರ್ಜಿನ ಹೊತ್ತಿಗೆ ಹೊಸದಿದ್ದಾಗಿನ ಸಾಮರ್ಥ್ಯದ 80 ಶೇಕಡಾಕ್ಕೆ ಇಳಿಯಬಹುದು, 15ರಿಂದ ಅದನ್ನು 1000 ಅಂತ ಮಾಡಿದ್ದಾರೆ. ದಿನಾ ಒಂದು ಚಾರ್ಜ್ ಅಂದರೆ ನಾಲ್ಕು ವರ್ಷಕ್ಕೆ ನಿಮ್ಮದು ಸುಮಾರು 1400 ದಾಟಿದೆ. ಅದು ಸುಸ್ತಾಗದೆ ಇನ್ನೇನು ಮಾಡುತ್ತದೆ? ಆದರೆ ದುಡ್ಡು ಕೊಡುವ ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಕೊನೆಯ ಸೆಕ್ಯುರಿಟಿ ಅಪ್‌ಡೇಟ್ ಯಾವಾಗ ಬಂದಿದೆ ನೋಡಿ. ಈಚಿನ ತಿಂಗಳುಗಳಲ್ಲಿ ಬಂದಿದ್ದರೆ ಬ್ಯಾಟರಿ ಹಾಕಿಸಿ ಇನ್ನೆರಡು ವರ್ಷ ಓಡಿಸಿ. ಬಂದು ಒಂದು ವರ್ಷ ಆಗಿದ್ದರೆ ಮಾತ್ರ ಹೊಸ ಫೋನು.


ಮಾಜಿ ಕೌಂಟರ್:

ನಾನು ಈ ಕಡೆಯವನು ಅಲ್ಲ, ಆ ಕಡೆಯವನು. ಆರು ವರ್ಷ ಗ್ಯಾಜೆಟ್ ಅಂಗಡಿಯಲ್ಲಿ ಮಾರಿದೆ, ಆಮೇಲೆ ಎರಡು ವರ್ಷ ಆನ್‌ಲೈನ್ ಮಾರಾಟಗಾರರಿಗೆ ಪ್ರಾಡಕ್ಟ್ ವಿವರ ಬರೆದುಕೊಟ್ಟೆ. ಹಾಗಾಗಿ ಪಾಪಪರಿಹಾರಕ್ಕೆ ಸ್ವಲ್ಪ ಬರೆಯುತ್ತೇನೆ.

ಆ ಗಡಿಯಾರ ಇದೆಯಲ್ಲ, ಅದನ್ನು ಬ್ರೌಸರಿನ ಪ್ರೈವೇಟ್ ವಿಂಡೋದಲ್ಲಿ ತೆರೆದು ನೋಡಿ. ಅಲ್ಲಿ ಅದು ಮತ್ತೆ ಮೊದಲಿಂದ ಶುರುವಾದರೆ ಅದು ಆಫರ್ ಗಡಿಯಾರ ಅಲ್ಲ, ನಿಮ್ಮ ಗಾಬರಿ ಗಡಿಯಾರ. ಗೀಟು ಹೊಡೆದ ಬೆಲೆಯೂ ಅಷ್ಟೇ. ಆ ಬೆಲೆಗೆ ಒಬ್ಬರೂ ಕೊಂಡಿರಲಿಕ್ಕಿಲ್ಲ. ಯುರೋಪಿನ ಒಕ್ಕೂಟದಲ್ಲಿ 2022ರಿಂದ ಒಂದು ನಿಯಮ ಇದೆ, ಬೆಲೆ ಇಳಿಸಿದ್ದೇವೆ ಅಂತ ಬೋರ್ಡು ಹಾಕಿದರೆ ಹಿಂದಿನ 30 ದಿನದಲ್ಲಿ ಇದ್ದ ಅತಿ ಕಡಿಮೆ ಬೆಲೆಯನ್ನೂ ತೋರಿಸಬೇಕು. ಅದು ಇಲ್ಲದ ಕಡೆ ನಾವೇ ನೋಡಿಕೊಳ್ಳಬೇಕು. ಅಮೆಜಾನ್ ಆದರೆ ಕೀಪಾ, ಕ್ಯಾಮೆಲ್‌ಕ್ಯಾಮೆಲ್‌ಕ್ಯಾಮೆಲ್ ಅನ್ನುವ ಸೈಟುಗಳು ಹಳೇ ಬೆಲೆಯ ಗೆರೆ ಎಳೆದು ತೋರಿಸುತ್ತವೆ. ಬೇರೆ ಕಡೆ ಆದರೆ ಇವತ್ತೇ ಬೆಲೆಯ ಸ್ಕ್ರೀನ್‌ಶಾಟ್ ತೆಗೆದಿಡಿ, ನಿಮಗೆ ಐದು ವಾರ ಟೈಮ್ ಇದೆಯಲ್ಲ.

ರಿವ್ಯೂ ವಿಷಯದಲ್ಲಿ ಸ್ಟಾರ್ ಎಣಿಸಬೇಡಿ. ಐದು ಸ್ಟಾರ್ ಕೊಂಡವರೂ ಬರೆಯುತ್ತಾರೆ, ದುಡ್ಡು ಪಡೆದವರೂ ಬರೆಯುತ್ತಾರೆ. ಒಂದು ಸ್ಟಾರ್ ಬಹಳ ಸಲ ಡೆಲಿವರಿ ಹುಡುಗನ ಮೇಲಿನ ಸಿಟ್ಟು. ಎರಡು ಮತ್ತು ಮೂರು ಸ್ಟಾರಿನವರು ಮಾತ್ರ ಕೂತು ಬರೆದಿರುತ್ತಾರೆ, ಇದು ಚೆನ್ನಾಗಿದೆ, ಆದರೆ ಇದೊಂದು ಹೀಗಿದೆ ಅಂತ. ಆ "ಆದರೆ" ಮುಂದಿನ ಮಾತು ಓದಿ. ಹೊಸ ರಿವ್ಯೂ ಮೊದಲು ಬರುವ ಹಾಗೆ ಜೋಡಿಸಿ. "ಆರು ತಿಂಗಳು ಬಳಸಿದ ಮೇಲೆ" ಅಂತ ಬರೆದವರು ಸಿಕ್ಕರೆ ಪುಣ್ಯ.

ಇನ್ನೊಂದು ಕೈಚಳಕ ಹೇಳುತ್ತೇನೆ, ಇದು ನಾನೇ ಕಣ್ಣಾರೆ ಕಂಡದ್ದು. ಹಳೇ ಪ್ರಾಡಕ್ಟ್ ಪೇಜಿಗೆ ಒಳ್ಳೆ ರಿವ್ಯೂ ಸೇರಿರುತ್ತದೆ. ಆ ವಸ್ತು ಮಾರುವುದು ನಿಂತ ಮೇಲೆ ಅದೇ ಪೇಜಿನಲ್ಲಿ ಫೋಟೋ, ಹೆಸರು ಬದಲಾಯಿಸಿ ಬೇರೆ ವಸ್ತು ಕೂರಿಸುತ್ತಾರೆ. ಮೇಡಂ, ನಿಮ್ಮ ವಾಚಿನ ಪೇಜಲ್ಲಿ ಹಳೇ ರಿವ್ಯೂಗೆ ಹೋಗಿ ಜನ ಹಾಕಿದ ಫೋಟೋ ನೋಡಿ. ಅಲ್ಲಿ ವಾಚೇ ಇದೆಯಾ?

ಎಎನ್‌ಸಿ, ಇಎನ್‌ಸಿ ಒಂದೇ ಅಲ್ಲ. ಒಂದೇ ಅಂತ ಅನಿಸುವ ಹಾಗೆ ನಾವೇ ಬರೆಯುತ್ತಿದ್ದೆವು. ಎಎನ್‌ಸಿ ನಿಮ್ಮ ಕಿವಿಗೆ: ಹೊರಗಿನ ಸದ್ದನ್ನು ಮೈಕ್ ಕೇಳಿಸಿಕೊಂಡು ಅದಕ್ಕೆ ಉಲ್ಟಾ ಅಲೆ ಹುಟ್ಟಿಸಿ ಹೊಡೆದುಹಾಕುತ್ತದೆ. ಇಎನ್‌ಸಿ ನೀವು ಫೋನಲ್ಲಿ ಮಾತಾಡುವಾಗ ಆ ಕಡೆಯವರ ಕಿವಿಗೆ: ನಿಮ್ಮ ಸುತ್ತಲಿನ ಗಲಾಟೆ ಅವರಿಗೆ ಕಡಿಮೆ ಕೇಳಿಸುತ್ತದೆ, ನಿಮಗೆ ಅದರಿಂದ ಏನೂ ಇಲ್ಲ. ಇಎನ್‌ಸಿ ಇರುವುದು ಕೊಟ್ಟರೆ ತಮ್ಮ ಬಸ್ಸಲ್ಲಿ ಕೂತು ನಿಮ್ಮನ್ನೇ ಬೈದುಕೊಳ್ಳುತ್ತಾನೆ. ಅವನಿಗೆ ಬೇಕಿರುವುದು ಎಎನ್‌ಸಿ. ಅದೂ ಇಂಜಿನ್ನಿನ ಗುಯ್ ಅನ್ನುವ ಒಂದೇ ಸಮನೆಯ ಸದ್ದನ್ನು ಚೆನ್ನಾಗಿ ತಡೆಯುತ್ತದೆ, ಪಕ್ಕದಲ್ಲಿ ಕೂತವರ ಮಾತನ್ನು ಅಷ್ಟಾಗಿ ತಡೆಯುವುದಿಲ್ಲ. ಮಾತು ತಡೆಯುವುದು ಬಹಳಮಟ್ಟಿಗೆ ರಬ್ಬರ್ ತುದಿ ಕಿವಿಗೆ ಎಷ್ಟು ಬಿಗಿಯಾಗಿ ಕೂತಿದೆ ಅನ್ನುವುದರ ಮೇಲೆ. ಪೆಟ್ಟಿಗೆಯಲ್ಲಿ ಮೂರು ಅಳತೆ ತುದಿ ಬಂದಿರುತ್ತವೆ, ಮುಕ್ಕಾಲು ಜನ ಮೊದಲೇ ಸಿಕ್ಕಿಸಿದ್ದನ್ನೇ ಹಾಕಿಕೊಂಡು ಸೌಂಡ್ ಚೆನ್ನಾಗಿಲ್ಲ ಅಂತ ವಾಪಸ್ ತರುತ್ತಿದ್ದರು. ಅವನದು ಐಫೋನ್ ಆದರೆ ಎಲ್‌ಡ್ಯಾಕ್ (ಬ್ಲೂಟೂತ್‌ನಲ್ಲಿ ಹಾಡನ್ನು ಹೆಚ್ಚು ಸ್ಪಷ್ಟವಾಗಿ ಕಳಿಸುವ ವಿಧಾನ) ಅಂತ ಬರೆದದ್ದಕ್ಕೆ ಹೆಚ್ಚು ದುಡ್ಡು ಕೊಡಬೇಡಿ, ಐಫೋನ್‌ಗೆ ಅದು ಬರುವುದೇ ಇಲ್ಲ.

ನೀವು ಕೇಳದಿದ್ದರೂ, ಪೆಟ್ಟಿಗೆ ಮೇಲಿನ ಅಂಕಿಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಪವರ್‌ಬ್ಯಾಂಕ್ ಮೇಲಿನ 10000 ಎಂಎಎಚ್ ಒಳಗಿನ 3.7 ವೋಲ್ಟಿನ ಲೆಕ್ಕ, ಫೋನಿಗೆ 5 ವೋಲ್ಟಿನಲ್ಲಿ ಕೊಡುವಾಗ ನಷ್ಟ ಎಲ್ಲ ಕಳೆದು ಕೈಗೆ ಸಿಗುವುದು ಆರು, ಆರೂವರೆ ಸಾವಿರ. 200 ಮೆಗಾಪಿಕ್ಸೆಲ್ ಕ್ಯಾಮೆರಾ ಮಾಮೂಲಿಯಾಗಿ 16 ಪಿಕ್ಸೆಲ್ ಒಟ್ಟು ಸೇರಿಸಿ 12.5 ಮೆಗಾಪಿಕ್ಸೆಲ್ ಫೋಟೋನೇ ಕೊಡುವುದು. ಐಪಿ67 ಅಂದರೆ ಶುದ್ಧ ನೀರಲ್ಲಿ 1 ಮೀಟರ್ ಆಳದವರೆಗೆ, 30 ನಿಮಿಷ ತಡೆದುಕೊಳ್ಳುತ್ತದೆ ಅಂತ. ಸೋಪು ನೀರು, ಸಮುದ್ರದ ನೀರು ಲೆಕ್ಕಕ್ಕಿಲ್ಲ. ನೀರು ಹೋದರೆ ವಾರಂಟಿಯೂ ಸಾಮಾನ್ಯವಾಗಿ ಇಲ್ಲ. ಯುಎಸ್‌ಬಿ-ಸಿ ಕೇಬಲ್‌ಗಳು ನೋಡಲು ಎಲ್ಲ ಒಂದೇ, ಒಳಗೆ ಒಂದು ಸೆಕೆಂಡಿಗೆ 480 ಮೆಗಾಬಿಟ್ ಸಾಗಿಸಿದರೆ ಇನ್ನೊಂದು 40 ಗಿಗಾಬಿಟ್. ಎಸ್‌ಎಸ್‌ಡಿ ಜೊತೆ ಬಂದ ಕೇಬಲ್ ಕಳೆದುಕೊಂಡು ಫೋನಿನ ಚಾರ್ಜರ್ ಕೇಬಲ್ ಹಾಕಿ, ಡ್ರೈವ್ ನಿಧಾನ ಅಂತ ದೂರುವವರು ಬಹಳ.


ಗೊಣಗಪ್ಪ:

ಎಲ್ಲರೂ ಯಾವುದು ಕೊಳ್ಳಬೇಕು ಅಂತ ಹೇಳುತ್ತಿದ್ದೀರಿ. ಅಪ್ಪನಿಗೆ ಗ್ಯಾಜೆಟ್ ಬೇಕಾ ಅಂತ ಒಬ್ಬರೂ ಕೇಳಲಿಲ್ಲ.

ಗ್ಯಾಜೆಟ್ ಉಡುಗೊರೆ ಕೊಡುವುದು ಅಂದರೆ ಕೆಲಸ ಕೊಡುವುದು. ಆ್ಯಪ್ ಹಾಕಬೇಕು, ಅಕೌಂಟ್ ತೆರೆಯಬೇಕು, ಪಾಸ್‌ವರ್ಡ್ ನೆನಪಿಡಬೇಕು, ಎರಡು ದಿನಕ್ಕೊಮ್ಮೆ ಚಾರ್ಜ್‌ಗೆ ಇಡಬೇಕು. ನನ್ನ ಮಗ ಮೂರು ವರ್ಷದ ಹಿಂದೆ ಒಂದು ಟ್ಯಾಬ್ಲೆಟ್ ಕೊಟ್ಟ. ಇವತ್ತಿಗೂ ಡ್ರಾಯರಿನಲ್ಲಿದೆ, ಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ಕಿತ್ತಿಲ್ಲ. ಅವನು ಬಂದಾಗ ಮಾತ್ರ ಹೊರಗೆ ತೆಗೆದು ಮೇಜಿನ ಮೇಲೆ ಇಡುತ್ತೇನೆ. ಅವನಿಗೂ ಗೊತ್ತು, ನನಗೂ ಗೊತ್ತು.

ಇದು ನನ್ನೊಬ್ಬನ ಗೊಣಗಾಟ ಅಲ್ಲ. ಜೋಯಲ್ ವಾಲ್ಡ್‌ಫೋಗೆಲ್ ಅನ್ನುವ ಅರ್ಥಶಾಸ್ತ್ರಜ್ಞರು 1993ರಲ್ಲಿ ಇದನ್ನೇ ಲೆಕ್ಕ ಹಾಕಿದ್ದರು. ಉಡುಗೊರೆಗೆ ಕೊಟ್ಟವರು ಹಾಕಿದ ದುಡ್ಡು ಎಷ್ಟು, ಪಡೆದವರು ಅದಕ್ಕೆ ಕಟ್ಟುವ ಬೆಲೆ ಎಷ್ಟು ಅಂತ. ಹತ್ತರಲ್ಲಿ ಒಂದು ಭಾಗದಿಂದ ಮೂರರಲ್ಲಿ ಒಂದು ಭಾಗದವರೆಗೆ ಸುಮ್ನೆ ಆವಿಯಾಗುತ್ತದೆ ಅಂತ ಅವರ ಅಂದಾಜು. ಪ್ರೀತಿಗೆ ಲೆಕ್ಕ ಇಲ್ಲ ಅಂತ ನೀವು ಜಗಳಕ್ಕೆ ಬರಬಹುದು, ಬನ್ನಿ. ಕೇಳದೆ ಕೊಡುವುದೇ ಪ್ರೀತಿ ಅಂತ ನಾನು ಒಪ್ಪುವುದಿಲ್ಲ.

ಇನ್ನು "ಸ್ಮಾರ್ಟ್" ಅಂತ ಹೆಸರಿರುವ ವಸ್ತುಗಳು. ಕಂಪನಿ ಸರ್ವರ್ ಆಫ್ ಮಾಡಿದ ದಿನ ಅದು ಪೇಪರ್‌ವೇಟ್. ಹಾಡಿನ ಆ್ಯಪ್ ಸ್ಪಾಟಿಫೈನವರು ಕಾರಿನಲ್ಲಿ ಹಾಡು ಹಾಕಿಕೊಳ್ಳಲು ಅಂತ ಕಾರ್ ಥಿಂಗ್ ಎನ್ನುವುದೊಂದನ್ನು ಮಾರಿ, 2024ರ ಡಿಸೆಂಬರ್ 9ಕ್ಕೆ ಅದು ಕೆಲಸ ಮಾಡುವುದನ್ನೇ ನಿಲ್ಲಿಸಿದರು. ವಸ್ತು ಕೆಟ್ಟಿರಲಿಲ್ಲ. ಕೊಳ್ಳುವ ಮೊದಲು ಒಂದೇ ಪ್ರಶ್ನೆ: ಇಂಟರ್ನೆಟ್ ಇಲ್ಲದಿದ್ದರೆ ಇದು ಏನು ಮಾಡುತ್ತದೆ? "ಏನೂ ಇಲ್ಲ" ಅಂದರೆ ನೀವು ಕೊಳ್ಳುತ್ತಿಲ್ಲ, ಬಾಡಿಗೆಗೆ ತರುತ್ತಿದ್ದೀರಿ.

ಸ್ಕ್ರೂಡ್ರೈವರ್ ಅವರೇ, ಬ್ಯಾಟರಿ ಬದಲಾಯಿಸಿ ಅಂತ ಸುಲಭವಾಗಿ ಹೇಳಿಬಿಟ್ಟಿರಿ. ನಾನು ಹಾಕಿಸಿದ ಬ್ಯಾಟರಿ ನಾಲ್ಕೇ ತಿಂಗಳಿಗೆ ಊದಿಕೊಂಡು ಫೋನಿನ ಬೆನ್ನು ಬಾಯಿ ಬಿಟ್ಟಿತ್ತು.


ಸ್ಕ್ರೂಡ್ರೈವರ್:

ಗೊಣಗಪ್ಪನವರು ಹೇಳಿದ್ದು ಸರಿ, ನಾನು ಅರ್ಧ ಹೇಳಿದೆ. ಬರೀ ಅಗ್ಗದ ನಕಲಿ ಸೆಲ್ ಹಾಕಿದರೆ ಹೀಗಾಗುತ್ತದೆ. ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ಮೊದಲು ವಿಚಾರಿಸಿ. ಬೇರೆ ಕಡೆ ಹಾಕಿಸುವುದಾದರೆ ಹಾಕುವ ಬ್ಯಾಟರಿ ಕಣ್ಣಿಗೆ ತೋರಿಸಿ ಅನ್ನಿ, ಎಷ್ಟು ತಿಂಗಳ ವಾರಂಟಿ ಅಂತ ಬಿಲ್ಲಿನ ಮೇಲೆ ಬರೆಸಿ. ಬರೆಯಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ. ಫೋನು ಒಮ್ಮೆ ಬಿಚ್ಚಿದ ಮೇಲೆ ನೀರು ತಡೆಯುವ ಅಂಟು ಮೊದಲಿನ ಹಾಗೆ ಇರುವುದಿಲ್ಲ, ಹೊಸ ಅಂಟು ಹಾಕಿದರೂ ಅಷ್ಟೇ, ಆಮೇಲೆ ನೀರಿನ ಹತ್ತಿರ ಒಯ್ಯಬೇಡಿ. ಊದಿದ ಬ್ಯಾಟರಿ ಕಂಡರೆ ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್‌ಗೆ ಹಾಕಬೇಡಿ.

ಹೊಸ ಫೋನೇ ಕೊಳ್ಳುವವರಿಗೆ ಒಂದು ಲೆಕ್ಕ. ಗೂಗಲ್ ಪಿಕ್ಸೆಲ್ 8, ಸ್ಯಾಮ್‌ಸಂಗ್ ಎಸ್24ರಿಂದ ಈಚೆಗೆ ಆ ಸಾಲಿನ ಫೋನುಗಳಿಗೆ ಏಳು ವರ್ಷ ಅಪ್‌ಡೇಟ್ ಅಂತ ಮಾತು ಕೊಟ್ಟಿದ್ದಾರೆ. ಆದರೆ ಆ ಏಳು ವರ್ಷ ನೀವು ಕೊಂಡ ದಿನದಿಂದ ಅಲ್ಲ, ಫೋನು ಮಾರುಕಟ್ಟೆಗೆ ಬಂದ ದಿನದಿಂದ. ಎರಡು ವರ್ಷ ಹಳೇ ಮಾಡೆಲ್ ಭರ್ಜರಿ ಡಿಸ್ಕೌಂಟಿನಲ್ಲಿ ಸಿಕ್ಕರೆ ನಿಮಗೆ ಉಳಿದದ್ದು ಐದು. ಕೊಡುವ ದುಡ್ಡನ್ನು ಉಳಿದ ವರ್ಷಕ್ಕೆ ಭಾಗಿಸಿ ನೋಡಿ. ಎಷ್ಟೋ ಸಲ "ಅಗ್ಗ"ದ್ದೇ ತುಟ್ಟಿ ಬೀಳುತ್ತದೆ.

ಹಳೇ ಲ್ಯಾಪ್‌ಟಾಪ್ ಕೊಳ್ಳುವವರಿಗೂ ಇದೇ ಕತೆ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ ಚಿಪ್ ಆದರೆ ಹೆಚ್ಚುಕಡಿಮೆ 8ನೇ ಜನರೇಶನ್‌ನಿಂದ ಮೇಲೆ ಬೇಕು. ಈಗ ರಾಶಿ ರಾಶಿ 6ನೇ, 7ನೇ ಜನರೇಶನ್ ಯಂತ್ರಗಳು "ಐ5 ಲ್ಯಾಪ್‌ಟಾಪ್" ಅಂತ ಮಾರಾಟಕ್ಕೆ ಬರುತ್ತಿರುವುದು ಅದಕ್ಕೇ. ಬರೀ ಐ5 ಅಂದರೆ ಏನೂ ಹೇಳಿದ ಹಾಗಲ್ಲ, ಅದರ ಮುಂದಿನ ನಂಬರ್ ಕೇಳಿ.


ಎರಡು ಮಕ್ಕಳ ತಾಯಿ:

ಸ್ವಲ್ಪ ವಿಷಯ ಬಿಟ್ಟು ಹೋಗುತ್ತಿದ್ದೇನೆ, ಕ್ಷಮಿಸಿ. ಮಕ್ಕಳಿಗೆ ಕೊಡುವವರೂ ಇದನ್ನು ಓದುತ್ತಿರಬಹುದು. ಮಾತಾಡುವ ಗೊಂಬೆ, ಮಕ್ಕಳ ವಾಚು, ಇವುಗಳಲ್ಲಿ ಮೈಕ್ ಇರುತ್ತದೆ. ಆ ಮಾತು ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ಜರ್ಮನಿಯಲ್ಲಿ 2017ರಲ್ಲಿ ಕೇಲಾ ಅನ್ನುವ ಇಂಟರ್ನೆಟ್ ಗೊಂಬೆಯನ್ನು ಅಡಗಿಸಿಟ್ಟ ಗೂಢಚಾರಿ ಸಾಧನ ಅಂತ ಪರಿಗಣಿಸಿ ನಿಷೇಧ ಮಾಡಿದರು. ಯಾರು ಬೇಕಾದರೂ ಹತ್ತಿರ ನಿಂತು ಬ್ಲೂಟೂತ್‌ನಲ್ಲಿ ಅದಕ್ಕೆ ಸೇರಿಕೊಳ್ಳಬಹುದಿತ್ತು!

ಮತ್ತೆ ಗುಂಡಿ ಸೆಲ್, ಅಂಗಿ ಗುಂಡಿಯಂಥ ಚಿಕ್ಕ ದುಂಡನೆಯ ಬ್ಯಾಟರಿ. ಅದು ಹಾಕುವ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಉಗುರಿನಿಂದ ತೆರೆಯುವಂತಿದ್ದರೆ ಆಟಿಕೆ ಎಷ್ಟೇ ಚೆಂದ ಇರಲಿ ವಾಪಸ್ ಇಡಿ. ಮಗು ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆ ಸುಟ್ಟ ಗಾಯ ಆಗಬಹುದು. ನುಂಗಿರಬಹುದು ಅಂತ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಓಡಿ.


ಅರೆನಿದ್ದೆ:

ಇಷ್ಟು ಜನ ಇಷ್ಟು ಬರೆದಿದ್ದೀರಿ, ಎಲ್ಲರಿಗೂ ಥ್ಯಾಂಕ್ಸ್. ಏನಾಯ್ತು ಅಂತ ಹೇಳುತ್ತೇನೆ.

ಮಾಜಿ ಕೌಂಟರ್ ಅವರು ಹೇಳಿದ ಹಾಗೆ ವಾಚಿನ ಹಳೇ ರಿವ್ಯೂ ನೋಡಿದೆ. "ಬಣ್ಣ ತುಂಬ ಚೆನ್ನಾಗಿದೆ, ನಮ್ಮ ಕಿಟಕಿಗೆ ಸರಿಯಾಗಿ ಹೊಂದಿತು" ಅಂತ ಇದೆ. ಪರದೆ ಬಟ್ಟೆ! ಕಾರ್ಟ್‌ನಿಂದ ತೆಗೆದೆ. 16 ಟಿಬಿಯನ್ನೂ ತೆಗೆದೆ, ಅಕ್ಕನಿಗೆ ಹೆಸರಿರುವ ಕಂಪನಿಯ 1 ಟಿಬಿ ಸಾಕು, ನಮ್ಮ ಫೋಟೋ ಎಲ್ಲ ಸೇರಿ 300 ಜಿಬಿ ಕೂಡ ಇಲ್ಲ ಅಂತ ಈಗ ಲೆಕ್ಕ ಹಾಕಿದ ಮೇಲೆ ಗೊತ್ತಾಯ್ತು. ಮೊದಲೇ ನೋಡಬಹುದಿತ್ತು.

ಗೊಣಗಪ್ಪನವರ ಮಾತು ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಅಪ್ಪ ಸಕ್ಕರೆ ನೋಡುವಾಗ ಪಕ್ಕದಲ್ಲಿ ಕೂತೆ. ನೋವಾಗುತ್ತಾ ಅಪ್ಪಾ ಅಂದೆ. ನೋವು ದೊಡ್ಡದಲ್ಲ ಮಗಳೇ, ಈ ಅಂಕಿ ಕನ್ನಡಕ ಇಲ್ಲದೆ ಕಾಣಲ್ಲ, ಅದೇ ಕಿರಿಕಿರಿ ಅಂದರು. ಮುಖ ಹಿಂಡುತ್ತಿದ್ದದ್ದು ಓದಲಿಕ್ಕೆ! ಆಮೇಲೆ ನೋಡಿದರೆ ಸೂಜಿ ಬದಲಾಯಿಸುವುದೇ ಇಲ್ಲ. ಒಂದೇ ಸೂಜಿ ಎರಡು ವಾರದಿಂದ. ಚೆನ್ನಾಗೇ ಚುಚ್ಚುತ್ತದೆ, ಯಾಕೆ ಬಿಸಾಡಬೇಕು ಅಂತಾರೆ.

ಹಾಗಾಗಿ ದೊಡ್ಡ ಅಂಕಿಯ, ಪರದೆಗೆ ಬೆಳಕಿರುವ ಗ್ಲುಕೋಮೀಟರ್ ಕೊಡೋಣ ಅಂದುಕೊಂಡಿದ್ದೇನೆ. ಇದರಲ್ಲೂ ನೋಡುವಂಥದ್ದು ಏನಾದರೂ ಇದೆಯಾ?

ಫೋನಿಗೆ ಕಳೆದ ತಿಂಗಳೂ ಅಪ್‌ಡೇಟ್ ಬಂದಿದೆ. ಬ್ಯಾಟರಿನೇ.


ಮಾಜಿ ಕೌಂಟರ್:

ಪರದೆ ಬಟ್ಟೆ! ನಾನು ಫೋನ್ ಕವರ್ ಇರಬಹುದು ಅಂದುಕೊಂಡಿದ್ದೆ.

ಗ್ಲುಕೋಮೀಟರ್ ಕೊಳ್ಳುವಾಗ ಮೀಟರಿನ ಬೆಲೆ ನೋಡಲೇಬೇಡಿ. ಪ್ರಿಂಟರ್ ಅಗ್ಗ, ಇಂಕು ತುಟ್ಟಿ ಅನ್ನುವ ವ್ಯಾಪಾರ ಇದೆಯಲ್ಲ, ಇದೂ ಅದೇ. ಮೀಟರನ್ನು ಹೆಚ್ಚುಕಡಿಮೆ ಪುಕ್ಕಟೆ ಕೊಟ್ಟು, ರಕ್ತದ ಹನಿ ಹಾಕುವ ಪಟ್ಟಿಯಲ್ಲಿ (ಸ್ಟ್ರಿಪ್) ವಸೂಲಿ ಮಾಡುತ್ತಾರೆ. ಒಂದು ಮೀಟರಿನ ಪಟ್ಟಿ ಇನ್ನೊಂದಕ್ಕೆ ಆಗುವುದಿಲ್ಲ. ದಿನಕ್ಕೊಂದು ಅಂದರೆ ವರ್ಷಕ್ಕೆ 365 ಪಟ್ಟಿ, ಆ ಲೆಕ್ಕ ಮೊದಲು ಹಾಕಿ. ನೀವು ಮಾಮೂಲಿ ಔಷಧಿ ತರುವ ಕಡೆ ಆ ಪಟ್ಟಿ ಯಾವಾಗಲೂ ಸಿಗುತ್ತದಾ ಅಂತ ಕೇಳಿಕೊಳ್ಳಿ. ಐಎಸ್‌ಒ 15197:2013 ಅಂತ ಪೆಟ್ಟಿಗೆ ಮೇಲೋ ಕೈಪಿಡಿಯಲ್ಲೋ ಇದೆಯಾ ನೋಡಿ. ಆ ಅಳತೆಗೋಲಿನ ಪ್ರಕಾರ ನೂರಕ್ಕೆ 95 ಸಲ ರೀಡಿಂಗು ಲ್ಯಾಬಿನ ಲೆಕ್ಕದಿಂದ 15 ಶೇಕಡಾ ಒಳಗೇ ಇರಬೇಕು, ಸಕ್ಕರೆ 100ಕ್ಕಿಂತ ಕೆಳಗಿದ್ದರೆ 15 ಅಂಕಿಯ ಒಳಗೆ. ಅಂದರೆ ನಿಜವಾಗಿ 200 ಇದ್ದಾಗ ಮೀಟರ್ 175 ತೋರಿಸಿದರೂ ಅದು ಕೆಟ್ಟಿಲ್ಲ. ಅಪ್ಪನಿಗೆ ಇದನ್ನು ಹೇಳಿಡಿ, ಇಲ್ಲದಿದ್ದರೆ ಹಳೇದು ಹೊಸದು ಎರಡರಲ್ಲೂ ನೋಡಿ ನಿಮ್ಮನ್ನೇ ಕೇಳುತ್ತಾರೆ.

ಈಗಲೇ ತರಿಸಿಬಿಟ್ಟು ಐದು ವಾರ ಮುಚ್ಚಿಡಬೇಡಿ. ವಾಪಸ್ ಕೊಡುವ ಅವಧಿ ಡೆಲಿವರಿ ಆದ ದಿನದಿಂದ ಓಡುತ್ತದೆ, ವಾರಂಟಿ ಬಿಲ್ಲಿನ ದಿನದಿಂದ. ಉಡುಗೊರೆ ಹಾಳೆ ಬಿಚ್ಚುವ ಹೊತ್ತಿಗೆ ಎಷ್ಟೋ ವಸ್ತುಗಳ ರಿಟರ್ನ್ ಮುಗಿದಿರುತ್ತದೆ. ಹತ್ತು ದಿನ ಮೊದಲು ತರಿಸಿ, ಆನ್ ಮಾಡಿ ನೋಡಿ, ಆಮೇಲೆ ಕಟ್ಟಿ.


ಗೊಣಗಪ್ಪ:

ಕೇಳಿದಿರಲ್ಲ, ಅಷ್ಟು ಸಾಕು. ಪಟ್ಟಿಯನ್ನೂ ಒಂದು ವರ್ಷಕ್ಕಾಗುವಷ್ಟು ಕೊಟ್ಟುಬಿಡಿ, ಅದೇ ನಿಜವಾದ ಉಡುಗೊರೆ.


ಸ್ಕ್ರೂಡ್ರೈವರ್:

ಒಂದು ವರ್ಷದ್ದು ಒಟ್ಟಿಗೆ ಬೇಡ ಗೊಣಗಪ್ಪನವರೇ, ಪಟ್ಟಿಗೆ ಎಕ್ಸ್‌ಪೈರಿ ಇದೆ. ಡಬ್ಬಿ ತೆರೆದ ಮೇಲೆ ಕೆಲವು ಮೂರು ತಿಂಗಳು, ಕೆಲವು ಆರು ತಿಂಗಳು ಅಷ್ಟೇ, ಡಬ್ಬಿ ಮೇಲೆ ಬರೆದಿರುತ್ತದೆ. ಎರಡು ಡಬ್ಬಿ ಕೊಡಿ ಮೇಡಂ. ತೆರೆದ ತಾರೀಖನ್ನು ಮುಚ್ಚಳದ ಮೇಲೆ ಪೆನ್ನಲ್ಲಿ ಬರೆಯಲು ಹೇಳಿ, ದೊಡ್ಡದಾಗಿ, ಕನ್ನಡಕ ಇಲ್ಲದೆ ಕಾಣುವ ಹಾಗೆ. ಸೂಜಿ ಪ್ಯಾಕೆಟ್ ಮಾತ್ರ ಧಾರಾಳವಾಗಿ ಕೊಡಿ. ಸೂಜಿ ಒಂದು ಸಲಕ್ಕೆ ಮಾತ್ರ, ಆಮೇಲೆ ಮೊಂಡಾಗುತ್ತದೆ. ಬೆರಳಿನ ನಡು ತುದಿಗಿಂತ ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ. ನಮ್ಮಪ್ಪನಿಗೆ ಇದನ್ನು ಒಪ್ಪಿಸಲು ನನಗೆ ಎಂಟು ತಿಂಗಳು ಹಿಡಿಯಿತು, ನಿಮಗೆ ಐದು ವಾರ ಇದೆ, ನೋಡಿ.